ಪಾಪ್ ಹಾಡಿನ ಪ್ರೀತಿ, ಪಾಪ್ ಹಾಡಿನ ಭರವಸೆ: ವಿಶ್ವಾಸಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಲವು ವರ್ಷಗಳಿಂದ ಸಭೆಯ ಗಾನವೃಂದದಲ್ಲಿ ಹಾಡುತ್ತಿದ್ದೇನೆ. ಮದುವೆಯವರೆಗೂ ಬಂದಿದ್ದ ಸಂಬಂಧವೊಂದು ಕಳೆದ ವರ್ಷ ಮುರಿದುಬಿತ್ತು. ಆ ತಿಂಗಳುಗಳಲ್ಲಿ ನನ್ನ ಜೊತೆಗಿದ್ದದ್ದು ಕೀರ್ತನೆಗಳಲ್ಲ. ಪ್ರೀತಿ, ಅಗಲಿಕೆ, ‘ನಾಳೆ ಎಲ್ಲ ಸರಿಹೋಗುತ್ತದೆ’ ಎಂಬ ಭರವಸೆ, ಇವುಗಳನ್ನು ಕುರಿತ ಪಾಪ್ ಹಾಡುಗಳು. ಅವು ದೇವರ ಹೆಸರೇ ಇಲ್ಲದ ಲೋಕದ ಹಾಡುಗಳು, ದೇವರನ್ನು ಸ್ತುತಿಸುವ ನಾಲಿಗೆಗೆ ಅವು ಸಲ್ಲವು ಎಂದು ಸಭೆಯ ಹಿರಿಯರೊಬ್ಬರು ನನಗೆ ಹೇಳಿದರು. ಈ ಹಾಡುಗಳನ್ನು ಕೇಳುವುದು ತಪ್ಪೇ? ಅವು ಕೊಡುವ ಭರವಸೆ ಸುಳ್ಳೇ? ಹಿರಿಯರಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ತಪ್ಪಲ್ಲ. ದೇವರ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಹಾಡನ್ನು ದೂರವಿಡುವುದಾದರೆ ಸತ್ಯವೇದದ ಕೆಲವು ಪುಟಗಳನ್ನೂ ದೂರವಿಡಬೇಕಾಗುತ್ತದೆ. ಎರಡನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ, ಅದಕ್ಕಾಗಿಯೇ ಈ ಉತ್ತರ ಉದ್ದವಾಗಿದೆ. ಮೂರನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ಗಿಲ್ಬೋವ ಬೆಟ್ಟದಲ್ಲಿ ಅರಸ ಸೌಲನೂ ಅವನ ಮಗ ಯೋನಾತಾನನೂ ಸತ್ತ ಸುದ್ದಿ ಬಂದಾಗ ದಾವೀದನು ಒಂದು ಶೋಕಗೀತೆ ಕಟ್ಟಿದನು. ಅದು 2 ಸಮುವೇಲನ ಮೊದಲ ಅಧ್ಯಾಯದಲ್ಲಿದೆ. ಆ ಬೆಟ್ಟದ ಮೇಲೆ ಇನ್ನು ಮಂಜೂ ಮಳೆಯೂ ಬೀಳದಿರಲಿ ಎಂದು ಅವನು ಬೆಟ್ಟವನ್ನೇ ಶಪಿಸುತ್ತಾನೆ. ಸತ್ತ ಗೆಳೆಯ ಯೋನಾತಾನನನ್ನು ‘ಸಹೋದರನೇ’ ಎಂದು ಕರೆದು, ನಿನ್ನ ಪ್ರೀತಿ ಎಂಥ ಆಶ್ಚರ್ಯದ್ದಾಗಿತ್ತು ಎಂದು ಅಳುತ್ತಾನೆ. ಆ ಹಾಡಿನಲ್ಲಿ ಮೊದಲಿಂದ ಕೊನೆಯವರೆಗೆ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ಪ್ರಾರ್ಥನೆಯಿಲ್ಲ, ಸ್ತುತಿಯಿಲ್ಲ, ಸತ್ತವರು ಮತ್ತೆ ಎದ್ದಾರು ಎಂಬ ಸಮಾಧಾನವೂ ಇಲ್ಲ. ಕೀರ್ತನೆಗಳ ಕರ್ತನೆಂದು ನಾವು ಯಾರನ್ನು ಕೊಂಡಾಡುತ್ತೇವೋ ಅವನೇ ಇದನ್ನು ರಚಿಸಿದನು, ಯೆಹೂದದ ಜನರಿಗೆ ಕಲಿಸಬೇಕೆಂದು ಅಪ್ಪಣೆಯನ್ನೂ ಮಾಡಿದನು. ದುಃಖವನ್ನು ಇದ್ದ ಹಾಗೆಯೇ ಹಾಡುವುದಕ್ಕೆ ಶಾಸ್ತ್ರದೊಳಗೆ ಜಾಗವಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಪ್ರೇಮದ ವಿಷಯಕ್ಕೆ ಬಂದರೆ ಪರಮಗೀತೆಯಿದೆ. ಎಂಟು ಅಧ್ಯಾಯಗಳ ಆ ಪುಸ್ತಕದಲ್ಲಿ ಇಬ್ಬರು ಪ್ರೇಮಿಗಳು ಒಬ್ಬರನ್ನೊಬ್ಬರು ಹುಡುಕುತ್ತಾರೆ, ಹೊಗಳುತ್ತಾರೆ, ಕಳೆದುಕೊಂಡು ರಾತ್ರಿ ಬೀದಿಗಳಲ್ಲಿ ಅಲೆಯುತ್ತಾರೆ. ಎರಡನೆಯ ಶತಮಾನದ ಆರಂಭದಲ್ಲಿದ್ದ ಯೆಹೂದ್ಯ ಗುರು ಅಕಿವನು ಶಾಸ್ತ್ರಗಳೆಲ್ಲವೂ ಪವಿತ್ರ, ಪರಮಗೀತೆಯಾದರೋ ಅತಿಪವಿತ್ರ ಎಂದನು. ಅದನ್ನು ಔತಣದ ಮನೆಗಳಲ್ಲಿ ಬರೀ ಮೋಜಿನ ಹಾಡಾಗಿ ಹಾಡುವವರನ್ನು ಕಟುವಾಗಿ ಖಂಡಿಸಿದವನೂ ಅವನೇ. ಈ ಖಂಡನೆಯಿಂದ ನಮಗೆ ತಿಳಿಯುವುದೇನೆಂದರೆ, ಆ ಕಾಲದಲ್ಲಿಯೇ ಜನರು ಅದನ್ನು ತಮ್ಮ ಪಾಪ್ ಹಾಡಾಗಿ ಹಾಡಿಕೊಳ್ಳುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಕ್ಲೇರ್ವೋ ಮಠದ ಬರ್ನಾರ್ಡನು ಇದೇ ಪುಸ್ತಕದ ಮೇಲೆ 86 ಪ್ರಸಂಗಗಳನ್ನು ಬರೆದನು, ಆದರೂ ಮೂರನೆಯ ಅಧ್ಯಾಯದ ಹೊಸ್ತಿಲನ್ನು ದಾಟಲಿಲ್ಲ. ಅಷ್ಟರಲ್ಲಿ ಅವನ ಆಯುಸ್ಸು ತೀರಿತು. ಅವನಿಗೆ ಆ ಮುದ್ದು, ಆ ಮುನಿಸು, ಆ ಕಾಯುವಿಕೆ ಎಲ್ಲವೂ ಕ್ರಿಸ್ತನ ಮತ್ತು ಆತ್ಮದ ನಡುವಿನ ಮಾತಾಗಿ ಕೇಳಿಸಿದವು. ಮನುಷ್ಯರ ಪ್ರೇಮದ ಭಾಷೆ ಅಷ್ಟು ದೊಡ್ಡ ಅರ್ಥವನ್ನು ಹೊರಬಲ್ಲದು ಎಂದು ನಂಬಿದ್ದರಿಂದಲೇ ಸಭೆ ಅದನ್ನು ಉಳಿಸಿಕೊಂಡಿತು.

ಪ್ರವಾದಿಗಳೂ ಜನಪ್ರಿಯ ಗೀತೆಯ ರೂಪವನ್ನು ಬಲ್ಲವರಾಗಿದ್ದರು. ಯೆಶಾಯನ ಐದನೆಯ ಅಧ್ಯಾಯ ಒಂದು ಪ್ರೇಮಗೀತೆಯಂತೆಯೇ ಆರಂಭವಾಗುತ್ತದೆ: ನನ್ನ ಪ್ರಿಯನಿಗಾಗಿ, ಅವನ ದ್ರಾಕ್ಷಿತೋಟವನ್ನು ಕುರಿತು ಹಾಡುತ್ತೇನೆ ಎಂದು ಪ್ರವಾದಿ ಶುರುಮಾಡುತ್ತಾನೆ, ಕೇಳುಗರು ತಲೆದೂಗುತ್ತಿರುವಾಗ ಹಾಡು ತಿರುಗಿಕೊಂಡು ಅವರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಯೆಹೆಜ್ಕೇಲನ 33ನೆಯ ಅಧ್ಯಾಯದ ಕೊನೆಯಲ್ಲಿ ಇದಕ್ಕಿಂತ ಮುಳ್ಳಿನ ಮಾತೊಂದಿದೆ. ಜನರು ಗುಂಪುಗುಂಪಾಗಿ ಬಂದು ಪ್ರವಾದಿಯ ಮುಂದೆ ಕೂರುತ್ತಾರೆ. ಆದರೆ ಅವರ ಪಾಲಿಗೆ ಅವನು ಇಂಪಾದ ಸ್ವರದಿಂದ ಪ್ರೇಮಗೀತೆ ಹಾಡುವ, ವಾದ್ಯವನ್ನು ಜಾಣತನದಿಂದ ನುಡಿಸುವ ಗಾಯಕನಷ್ಟೇ. ಕೇಳುತ್ತಾರೆ, ಆದರೆ ಕೇಳಿದಂತೆ ನಡೆಯುವುದಿಲ್ಲ. ಇಲ್ಲಿ ದೋಷ ಹೊರಿಸಿರುವುದು ಪ್ರೇಮಗೀತೆಯ ಮೇಲಲ್ಲ, ದೇವರ ಮಾತನ್ನೂ ಮನರಂಜನೆಯಂತೆ ಕೇಳುವ ಕಿವಿಯ ಮೇಲೆ. ಗಾನವೃಂದದಲ್ಲಿ ನಿಲ್ಲುವ ನಾವೆಲ್ಲರೂ ಈ ವಚನವನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು.

ಪೌಲನು ಅಥೇನೆಯಲ್ಲಿ ಮಾಡಿದ ಪ್ರಸಂಗವನ್ನೂ ನೆನೆಯಬೇಕು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಅವನು ಅರಿಯೊಪಾಗವೆಂಬ ಸಭಾಸ್ಥಾನದಲ್ಲಿ ನಿಂತು, ನಾವು ಆತನ ಸಂತಾನದವರೇ ಎಂಬ ಸಾಲನ್ನು ಕೇಳುಗರ ಕವಿಗಳಿಂದಲೇ ಎತ್ತಿ ಹೇಳುತ್ತಾನೆ. ಆ ಸಾಲು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅರಾಟಸ್ ಎಂಬ ಕವಿಯದು. ಅರಾಟಸನು ಪೌಲನ ಹಾಗೆಯೇ ಕಿಲಿಕ್ಯ ಸೀಮೆಯವನು, ಮತ್ತು ಅವನು ಆ ಸಾಲನ್ನು ಬರೆದದ್ದು ಸ್ಯೂಸ್ ದೇವತೆಯನ್ನು ಕುರಿತು. ವಿಗ್ರಹಗಳನ್ನು ಕಂಡು ಮನಸ್ಸು ಕುದಿದವನೆಂದು ಅದೇ ಅಧ್ಯಾಯ ಹೇಳುವ ಪೌಲನೇ, ಬೇರೆ ದೇವರಿಗೆ ಹಾಡಿದ ಸಾಲಿನಲ್ಲಿ ಸತ್ಯದ ತುಣುಕನ್ನು ಗುರುತಿಸಿ ಅದನ್ನು ಗೌರವದಿಂದ ಬಳಸುತ್ತಾನೆ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಕವಿ ಅರಸಿದ್ದು ಯಾರನ್ನು ಎಂದು ಹೇಳಿ ಮುಂದುವರಿದನು. ಲೌಕಿಕ ಹಾಡನ್ನು ಕೇಳುವ ವಿಶ್ವಾಸಿಗೆ ನಾನು ತೋರಿಸಬಹುದಾದ ಮಾದರಿ ಇದೇ.

ರಾಗಗಳ ವಿಷಯವನ್ನಂತೂ ಕೇಳುವುದೇ ಬೇಡ. ಕ್ರಿಸ್ತನ ಮುಳ್ಳಿನ ಕಿರೀಟದ ಶಿರಸ್ಸನ್ನು ಕುರಿತು ಶುಭ ಶುಕ್ರವಾರದಂದು ಲೋಕದ ಎಷ್ಟೋ ಸಭೆಗಳಲ್ಲಿ ಹಾಡುವ ಕೀರ್ತನೆಯ ರಾಗವನ್ನು ಜರ್ಮನ್ ಸಂಗೀತಗಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ್ದು ಒಂದು ಪ್ರೇಮಗೀತೆಗಾಗಿ. ಹುಡುಗಿಯೊಬ್ಬಳು ನನ್ನ ಮನಸ್ಸನ್ನು ಕಲಕಿಬಿಟ್ಟಳು ಎಂಬುದು ಆ ಗೀತೆಯ ದೂರು. ಜರ್ಮನಿಯ ಇನ್ನೊಬ್ಬ ಸಂಗೀತಗಾರ ಬಾಖ್ ಅದೇ ರಾಗವನ್ನು ಮತ್ತಾಯನ ಸುವಾರ್ತೆಯ ಯಾತನೆಯನ್ನು ಕುರಿತ ತನ್ನ ಮಹಾಕೃತಿಯಲ್ಲಿ ಮತ್ತೆ ಮತ್ತೆ ತಂದನು. ದಾರಿ ಇನ್ನೊಂದು ಕಡೆಗೂ ತೆರೆದಿದೆ: 1954ರಲ್ಲಿ ಅಮೆರಿಕದ ಗಾಯಕ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ, ಎಂದರೆ ಕ್ರೈಸ್ತ ಭಕ್ತಿಗೀತೆಯ ಆಧಾರದ ಮೇಲೆ ಹೆಣ್ಣೊಬ್ಬಳನ್ನು ಕುರಿತ ಹಾಡು ಕಟ್ಟಿದಾಗ ಹಲವು ವಿಶ್ವಾಸಿಗಳು ನೊಂದುಕೊಂಡರು. ಪವಿತ್ರ ಮತ್ತು ಲೌಕಿಕ ಎಂಬ ಗಡಿಯನ್ನು ರಾಗದಲ್ಲಾಗಲಿ ತಾಳದಲ್ಲಾಗಲಿ ಹುಡುಕಿದರೆ ಸಿಗುವುದಿಲ್ಲ.

ಇಲ್ಲಿಯವರೆಗೆ ನಾನು ಹಾಡುಗಳ ಪರವಾಗಿ ವಾದಿಸಿದ್ದೇನೆ. ಇನ್ನು ಆ ಹಾಡುಗಳು ಹೇಳುವುದೇನು ಎಂಬುದನ್ನು ನೋಡಬೇಕು, ಏಕೆಂದರೆ ‘ಕೇಳಬಹುದು’ ಎಂದ ಮಾತ್ರಕ್ಕೆ ‘ನಂಬಬಹುದು’ ಎಂದಾಗುವುದಿಲ್ಲ.

ಈಚಿನ ಪ್ರೇಮಗೀತೆಗಳ ಬಗ್ಗೆ ನನಗೆ ಗೌರವವಿದೆ. ಕಳುಹಿಸಿದ ಸಂದೇಶವನ್ನು ಓದಿಯೂ ಉತ್ತರಿಸದ ಮೌನ, ಹೆಸರಿಡಲಾಗದ ಅರೆಬರೆ ಸಂಬಂಧ, ನೂರು ಜನರ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಕೂತ ರಾತ್ರಿಯ ಒಂಟಿತನ, ಇವುಗಳನ್ನು ಅವು ನಮ್ಮ ಬಹುಪಾಲು ಪ್ರಸಂಗಗಳಿಗಿಂತ ಚೆನ್ನಾಗಿ ಬಲ್ಲವು. ಮೋಸವನ್ನು ಮೋಸವೆಂದೇ ಕರೆಯುತ್ತವೆ. ಹಿಂಸೆ ಕೊಡುವ ಸಂಬಂಧದಿಂದ ಹೊರಗೆ ಬರುವ ಧೈರ್ಯವನ್ನು ಕೆಲವು ಹಾಡುಗಳು ನಿಜವಾಗಿಯೂ ಕೊಟ್ಟಿವೆ, ಅದನ್ನು ಒಪ್ಪಿಕೊಳ್ಳಲು ವಿಶ್ವಾಸಿ ಹಿಂಜರಿಯಬೇಕಾಗಿಲ್ಲ. ದೇಹವನ್ನು ಬರೀ ಸರಕಾಗಿ ನೋಡುವ, ಹೆಣ್ಣನ್ನು ಹೀನೈಸುವ ಹಾಡುಗಳೂ ಉಂಟು. ಅವುಗಳ ವಿಷಯದಲ್ಲಿ ದೀರ್ಘ ಚರ್ಚೆ ಬೇಕಿಲ್ಲ, ನಿಲ್ಲಿಸಿಬಿಡುವುದೇ ಸರಿ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಆ ಹಾಡುಗಳಲ್ಲ, ಸುಂದರವಾದ, ಪ್ರಾಮಾಣಿಕವಾದ ಹಾಡುಗಳೇ.

ಅವುಗಳ ಪಲ್ಲವಿಯನ್ನು ರಾಗ ತೆಗೆದು ಗದ್ಯದಂತೆ ಓದಿ ನೋಡಿ. ನೀನಿಲ್ಲದೆ ನಾನಿಲ್ಲ, ನನ್ನ ಉಸಿರು ನೀನು, ನನ್ನನ್ನು ಉಳಿಸಿದವನು ನೀನು, ನೀನು ಸಿಕ್ಕ ಮೇಲೆ ನನಗೆ ಬೇರೇನೂ ಬೇಡ. ಇದು ಪ್ರೀತಿಯ ಉತ್ಪ್ರೇಕ್ಷೆ ಎಂದು ನಗಬಹುದು, ಪ್ರೇಮಿಗಳಿಗೆ ಅಷ್ಟು ಸಲಿಗೆ ಕೊಡಲೇಬೇಕು. ಆದರೆ ಆ ಮಾತುಗಳು ಎಲ್ಲಿಂದ ಬಂದವು ಎಂಬುದು ಕೀರ್ತನೆ ಹಾಡುವ ನಿಮಗೆ ಕೂಡಲೇ ಹೊಳೆಯುತ್ತದೆ: ಅವು ಆರಾಧನೆಯ ಮಾತುಗಳು. ದೇವರನ್ನು ಬಿಟ್ಟ ಹಾಡು ದೇವರಿಗೆ ಮೀಸಲಾದ ಜಾಗವನ್ನು ಖಾಲಿ ಬಿಟ್ಟಿಲ್ಲ, ಅಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿದೆ. ಹಾಗೆ ಕೂರಿಸಲ್ಪಟ್ಟವನು ನಮ್ಮ ನಿಮ್ಮಂತೆ ನಿದ್ದೆಗೆಟ್ಟರೆ ಸಿಡುಕುವವನು, ಮಾತು ಮರೆಯುವವನು, ಒಂದು ದಿನ ಸಾಯುವವನು. ಯಾರೂ ಹೊರಲಾರದ ಹೊರೆಯನ್ನು ಅವನ ತಲೆಯ ಮೇಲಿಟ್ಟು, ಅವನು ಕುಸಿದಾಗ ಅವನನ್ನು ದ್ರೋಹಿಯೆನ್ನುತ್ತೇವೆ. ಪ್ರೇಮಗೀತೆಯ ಬೆನ್ನಿಗೇ ಅಗಲಿಕೆಯ ಗೀತೆ ಅಷ್ಟು ಬೇಗ ಹುಟ್ಟುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ.

ಸಂತ ಆಗಸ್ಟಿನನು ಸುಮಾರು 400ರ ಹೊತ್ತಿಗೆ ಬರೆದು ಮುಗಿಸಿದ ‘ಕನ್ಫೆಷನ್ಸ್’ ಎಂಬ ಆತ್ಮನಿವೇದನೆಯ ನಾಲ್ಕನೆಯ ಭಾಗದಲ್ಲಿ ತನ್ನ ಎಳೆಯ ವಯಸ್ಸಿನ ಗೆಳೆಯನೊಬ್ಬನ ಸಾವನ್ನು ನೆನೆಯುತ್ತಾನೆ. ಎಲ್ಲಿ ನೋಡಿದರೂ ಸಾವೇ ಕಾಣುತ್ತಿತ್ತು, ಹುಟ್ಟೂರು ಹಿಂಸೆಯಾಯಿತು ಎನ್ನುತ್ತಾನೆ. ಅವನು ಕೊನೆಗೆ ಕಂಡುಕೊಂಡದ್ದು ಇಷ್ಟು: ಸಾಯಲಿರುವವನನ್ನು ಎಂದೂ ಸಾಯದವನೆಂಬಂತೆ ಪ್ರೀತಿಸಿ, ನನ್ನ ಪ್ರಾಣವನ್ನು ನೀರಿನಂತೆ ಮರಳಿನ ಮೇಲೆ ಸುರಿದುಬಿಟ್ಟೆ. ಗಮನಿಸಿ, ಅವನು ಗೆಳೆಯನನ್ನು ಕಡಿಮೆ ಪ್ರೀತಿಸಬೇಕಾಗಿತ್ತು ಎನ್ನುತ್ತಿಲ್ಲ. ಪ್ರೀತಿಗೆ ಆಧಾರವಾಗಿ ಯಾವ ನೆಲವನ್ನು ಆರಿಸಿಕೊಂಡೆ ಎಂಬುದನ್ನು ಕೇಳಿಕೊಳ್ಳುತ್ತಿದ್ದಾನೆ. ದೇವರು ಪ್ರೀತಿಯಾಗಿದ್ದಾನೆ ಎಂದು ಯೋಹಾನನ ಮೊದಲ ಪತ್ರಿಕೆ ಹೇಳುತ್ತದೆ. ಆ ವಾಕ್ಯವನ್ನು ಹಿಂದುಮುಂದು ಮಾಡಿ ಪ್ರೀತಿಯೇ ದೇವರು ಎಂದು ಹಾಡುವಾಗ ಕೇಳಲು ಬಹುತೇಕ ಒಂದೇ ಥರ ಇರುತ್ತದೆ, ಆದರೆ ಎರಡನೆಯ ವಾಕ್ಯವನ್ನು ನಂಬಿದವರು ಸಂಬಂಧ ಮುರಿದ ದಿನ ದೇವರನ್ನೂ ಕಳೆದುಕೊಳ್ಳುತ್ತಾರೆ.

ಇದಕ್ಕೆ ಈಚಿನ ಪಾಪ್ ಹಾಡು ತಾನೇ ಒಂದು ಉತ್ತರ ಕಂಡುಕೊಂಡಿದೆ. ಇನ್ನೊಬ್ಬರ ಮೇಲೆ ಅಷ್ಟು ಭಾರ ಹಾಕಬಾರದು ಎಂಬುದನ್ನು ಅದು ಕಲಿತಿದೆ, ಆದ್ದರಿಂದ ನನಗೆ ನಾನೇ ಸಾಕು, ನನ್ನನ್ನು ನಾನೇ ಪ್ರೀತಿಸುತ್ತೇನೆ ಎಂದು ಹಾಡುತ್ತದೆ. ತಿರಸ್ಕಾರಕ್ಕೆ ಗುರಿಯಾದವರ ಬಾಯಲ್ಲಿ ಈ ಮಾತು ಮೊದಲಿಗೆ ಔಷಧಿಯೇ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ತನ್ನ ಬಗ್ಗೆ ಒಂದು ಅಕ್ಕರೆಯನ್ನು ಆಗಲೇ ಊಹಿಸಿಕೊಂಡಿದೆ. ಆದರೂ ಇಲ್ಲಿ ಭಾರ ಇಳಿದಿಲ್ಲ, ಹೆಗಲು ಬದಲಾಗಿದೆಯಷ್ಟೆ. ನಿನ್ನೆ ಇನ್ನೊಬ್ಬನು ನನ್ನನ್ನು ಉಳಿಸಬೇಕಾಗಿತ್ತು, ಇಂದು ನನ್ನನ್ನು ನಾನೇ ಉಳಿಸಿಕೊಳ್ಳಬೇಕು, ಅದೂ ನಾನು ತೀರ ಸೋತಿರುವ ಹೊತ್ತಿನಲ್ಲಿ. ಈ ಬಗೆಯ ಹಾಡನ್ನು ಕೇಳಿದ ಒಂದು ಗಂಟೆ ಎದೆಯುಬ್ಬಿ, ಆಮೇಲೆ ಇನ್ನಷ್ಟು ದಣಿವಾಗುತ್ತದೆ ಎಂದು ನೊಂದವರು ಹೇಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಸುವಾರ್ತೆ ಹೇಳುವುದು ಬೇರೆಯದು: ನೀನು ನಿನಗೆ ಸಾಕಾಗಬೇಕಾಗಿಲ್ಲ, ನೀನು ಯಾರಿಗೂ ಬೇಡವಾದ ದಿನಕ್ಕೂ ಮೊದಲೇ ನಿನ್ನನ್ನು ಪ್ರೀತಿಸಿದವನಿದ್ದಾನೆ.

ಹಾಗೆಂದು ಪ್ರಣಯವನ್ನು ಕೀಳೆಂದೂ ದೈವಿಕ ಪ್ರೀತಿಯನ್ನು ಮಾತ್ರ ಮೇಲೆಂದೂ ವಿಂಗಡಿಸುವವರ ಜೊತೆ ನಾನಿಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಬಯಕೆಯ ಪ್ರೀತಿಯನ್ನು ಹೇಳುವ ‘ಎರೋಸ್’ ಎಂಬ ಪದ ಎಲ್ಲಿಯೂ ಬರುವುದಿಲ್ಲ, ತನ್ನನ್ನು ಕೊಡುವ ಪ್ರೀತಿಯನ್ನು ಹೇಳುವ ‘ಅಗಾಪೆ’ ಮಾತ್ರ ತುಂಬಿದೆ ಎಂಬುದು ನಿಜ. ಆದರೆ ಪೋಪ್ ಹದಿನಾರನೆಯ ಬೆನೆಡಿಕ್ಟ್ 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ (ಇಡೀ ಸಭೆಗೆ ಬರೆದ ಪತ್ರದಲ್ಲಿ), ಬಯಸಿ ಏರುವ ಪ್ರೀತಿಯನ್ನೂ ಕೊಟ್ಟು ಇಳಿಯುವ ಪ್ರೀತಿಯನ್ನೂ ಪೂರ್ತಿಯಾಗಿ ಬೇರ್ಪಡಿಸಲಾಗದು, ಒಂದು ಇನ್ನೊಂದಕ್ಕೆ ಬೇಕು ಎಂದು ವಾದಿಸಿದರು. ಪ್ರೊಟೆಸ್ಟೆಂಟರಾದವರೂ ಆ ಭಾಗವನ್ನು ಓದಬಹುದು. ಆ ಮಾತನ್ನು ಹಾಡುಗಳಿಗೆ ಹಚ್ಚಿ ನೋಡಿದರೆ ಅವುಗಳ ಕೊರತೆ ಕಾಣಿಸುತ್ತದೆ: ಪಾಪ್ ಹಾಡಿಗೆ ಪ್ರೀತಿಯ ಆರಂಭವೂ ಗೊತ್ತು, ಅಂತ್ಯವೂ ಗೊತ್ತು, ನಡುವಿನದು ಗೊತ್ತಿಲ್ಲ. ಮೊದಲ ನೋಟ, ಮೊದಲ ಸ್ಪರ್ಶ, ಬಾಗಿಲು ಮುಚ್ಚಿ ಹೋದ ಸದ್ದು, ಇವುಗಳಿಗೆ ಲೆಕ್ಕವಿಲ್ಲದಷ್ಟು ಹಾಡುಗಳಿವೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಹತ್ತನೆಯ ರಾತ್ರಿ ಕೂತವರಿಗೆ, ಒಂದೇ ತಪ್ಪನ್ನು ನೂರನೆಯ ಸಲ ಕ್ಷಮಿಸುವವರಿಗೆ ಹಾಡುಗಳು ಬಲು ಕಡಿಮೆ. ಇದರಲ್ಲಿ ರೂಪದ ಪಾತ್ರವೂ ಇದೆ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು, ಆ ಅಳತೆ ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿದೆ. ಪ್ರೀತಿ ತಾಳ್ಮೆಯುಳ್ಳದ್ದು ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಆರಂಭಿಸುತ್ತಾನೆ. ತಾಳ್ಮೆಯನ್ನು ಮೂರು ನಿಮಿಷದಲ್ಲಿ ಹಾಡಿ ತೋರಿಸುವುದು ಕಷ್ಟ.

ಈಗ ಭರವಸೆಯ ಪ್ರಶ್ನೆ. ನಮ್ಮ ಸತ್ಯವೇದದ ಭಾಷಾಂತರದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರು ಒಟ್ಟಿಗೆ ಬರುತ್ತವೆ. ಈ ‘ನಿರೀಕ್ಷೆ’ ಎಂಬ ಪದವನ್ನು ನಾನು ಮೆಚ್ಚುತ್ತೇನೆ. ಆಸೆ ನನ್ನೊಳಗೆ ಹುಟ್ಟುತ್ತದೆ, ಅದಕ್ಕೆ ಇನ್ನೊಬ್ಬರ ಅಗತ್ಯವಿಲ್ಲ. ನಿರೀಕ್ಷೆಯೆಂದರೆ ಕಾಯುವುದು, ದಾರಿ ನೋಡುವುದು. ಬರುತ್ತೇನೆ ಎಂದು ಮಾತು ಕೊಟ್ಟವರೊಬ್ಬರು ಇದ್ದರೆ ಮಾತ್ರ ಅದಕ್ಕೆ ಅರ್ಥ. ಕಣ್ಣಿಗೆ ಕಾಣುವುದನ್ನು ಯಾರೂ ನಿರೀಕ್ಷಿಸುವುದಿಲ್ಲ, ಕಾಣದಿರುವುದನ್ನು ತಾಳ್ಮೆಯಿಂದ ಎದುರುನೋಡುತ್ತೇವೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯ ಹೇಳುತ್ತದೆ. ಪಾಪ್ ಹಾಡು ‘ಎಲ್ಲ ಸರಿಹೋಗುತ್ತದೆ’ ಎಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಹಾಗೆಂದು ಮಾತು ಕೊಟ್ಟವರು ಯಾರು? ಬಹಳ ಸಲ ಉತ್ತರವಿರುವುದಿಲ್ಲ. ಸ್ವರಗಳು ಏರುತ್ತವೆ, ಡ್ರಮ್ಸ್ ಸೇರಿಕೊಳ್ಳುತ್ತದೆ, ಎದೆ ಹಗುರಾಗುತ್ತದೆ, ಮತ್ತು ಆ ಹಗುರವನ್ನೇ ನಾವು ಮಾತು ಕೊಟ್ಟದ್ದೆಂದು ತಿಳಿಯುತ್ತೇವೆ.

ಅದು ಸುಳ್ಳೇ ಎಂದು ನೀವು ಕೇಳಿದ್ದೀರಿ. ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಕಷ್ಟದಲ್ಲಿದ್ದವರ ಬೆನ್ನು ತಟ್ಟಿ ‘ಸರಿಹೋಗುತ್ತದೆ’ ಎನ್ನುವ ಗೆಳತಿಯ ಮಾತಿಗೂ ಆಧಾರವಿರುವುದಿಲ್ಲ, ಆದರೂ ಆ ಕೈಯ ಬಿಸಿ ನಿಜ. ಹಾಡಿನ ಸಮಾಧಾನ ಅಂಥದ್ದು. ಅದನ್ನು ಅಷ್ಟಕ್ಕೇ ತೆಗೆದುಕೊಂಡರೆ ಉಪಕಾರವೇ ಆಗುತ್ತದೆ. ಆದರೆ ಯೆರೆಮೀಯನ 28ನೆಯ ಮತ್ತು 29ನೆಯ ಅಧ್ಯಾಯಗಳನ್ನು ಜೊತೆಯಾಗಿ ಓದಿ. ಹನನ್ಯ ಎಂಬ ಪ್ರವಾದಿ ಜನರೆದುರಿಗೆ, ಯೆಹೂದವನ್ನು ಅಡಗಿಸಿದ್ದ ಬಾಬೆಲಿನ ನೊಗ ಎರಡು ವರ್ಷಗಳಲ್ಲಿ ಮುರಿಯುತ್ತದೆ, ಎಲ್ಲರೂ ಎಲ್ಲವೂ ಹಿಂದಿರುಗುತ್ತದೆ ಎಂದು ಸಾರುತ್ತಾನೆ. ಕೇಳಲು ಇಂಪು, ಎಲ್ಲರ ಬಾಯಲ್ಲೂ ನಲಿಯುವಂಥ ಸಂದೇಶ. ಯೆರೆಮೀಯನು ಬಾಬೆಲಿನ ಸೆರೆಯಲ್ಲಿದ್ದವರಿಗೆ ಬರೆದ ಪತ್ರದಲ್ಲಿ ಎಪ್ಪತ್ತು ವರ್ಷ ಎನ್ನುತ್ತಾನೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವ ಆಲೋಚನೆ ನನ್ನದು ಎಂಬ, ನಾವೆಲ್ಲ ಬಾಯಿಪಾಠ ಮಾಡಿರುವ ಹನ್ನೊಂದನೆಯ ವಚನ ಬರುವುದು ಈ ಪತ್ರದೊಳಗೆ. ಅದನ್ನು ಮೊದಲು ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಮರಳಿ ಊರು ಕಾಣದೆಯೇ ಸಾಯಬೇಕಾಗಿತ್ತು. ಒಂದು ಜೀವಮಾನಕ್ಕಿಂತ ಉದ್ದವಾದ ನಿರೀಕ್ಷೆಯನ್ನು ಅವರಿಗೆ ಕೊಡಲಾಯಿತು, ಜೊತೆಗೆ ಅಷ್ಟರವರೆಗೆ ಮಾಡಬೇಕಾದ ದಿನನಿತ್ಯದ ಕೆಲಸವನ್ನೂ ಕೊಡಲಾಯಿತು.

ಈ ಅಳತೆಗೋಲನ್ನು ಲೌಕಿಕ ಹಾಡಿಗೆ ಮಾತ್ರ ಹಿಡಿಯುವುದು ನ್ಯಾಯವಲ್ಲ. ನಮ್ಮ ಆಧುನಿಕ ಆರಾಧನಾ ಗೀತೆಗಳಲ್ಲಿ ಹನನ್ಯನ ಹಾಡುಗಳು ಸಾಕಷ್ಟಿವೆ: ಬಿಡುಗಡೆ ಈಗಲೇ, ಜಯ ಈಗಲೇ, ಕಣ್ಣೀರು ಇನ್ನಿಲ್ಲ. ಕೆಲವು ಗೀತೆಗಳಲ್ಲಿ ಯೇಸುವಿನ ಹೆಸರು ಬರುವ ಒಂದೆರಡು ಕಡೆ ಪ್ರಿಯತಮನ ಹೆಸರು ಹಾಕಿದರೆ ಬೇರಾವ ತಿದ್ದುಪಡಿಯೂ ಬೇಕಾಗುವುದಿಲ್ಲ. ಪರಮಗೀತೆಯ ವಂಶದವು ಅವು ಎಂದು ಸಮರ್ಥಿಸಬಹುದು. ಆದರೆ ಪರಮಗೀತೆಯಲ್ಲಿ ಕಾಯುವುದಿದೆ, ಕಳೆದುಕೊಳ್ಳುವುದಿದೆ, ಪ್ರೇಮವನ್ನು ಅದರ ಸಮಯಕ್ಕೆ ಮೊದಲು ಎಬ್ಬಿಸಬೇಡಿರಿ ಎಂದು ಮೂರು ಸಲ ಬರುವ ಎಚ್ಚರಿಕೆಯೂ ಇದೆ.

ಇಲ್ಲಿ ನಿಮ್ಮ ಪತ್ರದ ನಿಜವಾದ ನೋವಿಗೆ ಬರುತ್ತೇನೆ. ಕೀರ್ತನೆಗಳು ನಿಮ್ಮ ಜೊತೆಗಿರಲಿಲ್ಲ ಎಂದು ಬರೆದಿದ್ದೀರಿ, ಅದಕ್ಕಾಗಿ ನಿಮ್ಮನ್ನೇ ದೂರಿಕೊಂಡಂತೆ ತೋರುತ್ತದೆ. ತಪ್ಪು ನಿಮ್ಮದಲ್ಲದಿರಬಹುದು. ಕೀರ್ತನೆಗಳ ಗ್ರಂಥದಲ್ಲಿ ಪ್ರಲಾಪಗಳು ದೊಡ್ಡ ಪಾಲು. ಆದರೆ ಅನೇಕ ಸಭೆಗಳು ಅವುಗಳಲ್ಲಿ ಸ್ತುತಿಯ ವಚನಗಳನ್ನು ಮಾತ್ರ ಆರಿಸಿ ಹಾಡುತ್ತವೆ. ಹದಿಮೂರನೆಯ ಕೀರ್ತನೆ ಆರೇ ವಚನಗಳದ್ದು, ಅದರ ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಂಬತ್ತೆಂಟನೆಯ ಕೀರ್ತನೆ ಬೆಳಕಿಗೆ ತಿರುಗುವುದೇ ಇಲ್ಲ. ಮೂಲ ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ಕತ್ತಲೆ. ಇವುಗಳನ್ನು ಹಾಡುವ ಅಭ್ಯಾಸವಿದ್ದ ಸಭೆಯಲ್ಲಿ ನೀವಿದ್ದಿದ್ದರೆ ಅಗಲಿಕೆಯ ದುಃಖಕ್ಕೆ ಮಾತು ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾಗುತ್ತಿರಲಿಲ್ಲ. ಸಭೆ ಅಳುವುದನ್ನು ಬಿಟ್ಟಾಗ ಅಳುವ ಕೆಲಸವನ್ನು ಪಾಪ್ ಹಾಡು ವಹಿಸಿಕೊಂಡಿತು, ಅದಕ್ಕಾಗಿ ನಾನು ಅದನ್ನು ಬೈಯಲಾರೆ. ಪ್ರಲಾಪ ಕೀರ್ತನೆಗೂ ಅಗಲಿಕೆಯ ಹಾಡಿಗೂ ಇರುವ ವ್ಯತ್ಯಾಸ ದುಃಖದ ಪ್ರಮಾಣದಲ್ಲಿಲ್ಲ. ಎಂಬತ್ತೆಂಟನೆಯ ಕೀರ್ತನೆಯ ಕವಿ ಕತ್ತಲೆಯಲ್ಲಿ ನಿಂತು ಒಬ್ಬನನ್ನು ಕರೆಯುತ್ತಿದ್ದಾನೆ, ಬೈಯುವುದಕ್ಕಾದರೂ ಅವನಿಗೆ ಎದುರಿಗೊಬ್ಬನಿದ್ದಾನೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಇದನ್ನೂ ಆಗಸ್ಟಿನನಿಂದಲೇ ಕಲಿತೆ. ಯುವಕನಾಗಿದ್ದಾಗ ಅವನಿಗೆ ನಾಟಕಶಾಲೆಯ ಹುಚ್ಚಿತ್ತು. ತಾನು ಅನುಭವಿಸಲು ಇಷ್ಟಪಡದ ದುಃಖವನ್ನು ನೋಡಿ ಅಳಲು ಮನುಷ್ಯ ಏಕೆ ಬಯಸುತ್ತಾನೆ, ಆ ಅಳುವಿನಲ್ಲಿ ಏಕೆ ಸುಖವಿದೆ ಎಂದು ಅವನು ಮೂರನೆಯ ಭಾಗದಲ್ಲಿ ಕೇಳುತ್ತಾನೆ. ದುಃಖದ ಹಾಡನ್ನು ಹತ್ತನೆಯ ಸಲ ಹಚ್ಚುವಾಗ ನಾವು ದುಃಖವನ್ನು ಇಳಿಸುತ್ತಿದ್ದೇವೋ ಅಥವಾ ಅದು ಆರಿಹೋಗದಂತೆ ಗಾಳಿ ಹಾಕುತ್ತಿದ್ದೇವೋ? ಇಂದಿನ ಆ್ಯಪ್‌ಗಳು ನೀವು ಕೇಳಿದ್ದನ್ನೇ ಹೋಲುವ ಇನ್ನೊಂದನ್ನು ತಾವಾಗಿಯೇ ಮುಂದಿಡುತ್ತವೆ, ನೀವು ತಡೆಯದಿದ್ದರೆ ರಾತ್ರಿಯಿಡೀ ಒಂದೇ ಭಾವದಲ್ಲಿ ಕೂರಿಸುತ್ತವೆ. ಆಗಸ್ಟಿನನ ಎಚ್ಚರಿಕೆ ಕೀರ್ತನೆಗಳಿಗೂ ಅನ್ವಯಿಸುತ್ತಿತ್ತು: ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದ ದಿನಗಳಲ್ಲಿ ಸಭೆಯ ಗಾಯನ ಕೇಳಿ ಕಣ್ಣೀರಿಟ್ಟವನು ಅವನು, ಆದರೂ ಹತ್ತನೆಯ ಭಾಗದಲ್ಲಿ, ಹಾಡಿದ ಸಂಗತಿಗಿಂತ ಹಾಡುವ ಸ್ವರವೇ ನನ್ನನ್ನು ಹೆಚ್ಚು ಕದಲಿಸಿದಾಗ ನಾನು ಪಾಪ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅವನ ಮನಸ್ಸಾಕ್ಷಿ ನನ್ನದಕ್ಕಿಂತ ಬಹಳ ಸೂಕ್ಷ್ಮವಾಗಿತ್ತು.

ಆದ್ದರಿಂದ ನಾನು ನಿಮಗೆ ಕೊಡುವ ಸಲಹೆ ನಿಷೇಧದ್ದಲ್ಲ. ನೀವು ಮೆಚ್ಚಿದ ಹಾಡೊಂದನ್ನು ಆರಿಸಿ ಅದರ ಸಾಹಿತ್ಯವನ್ನು ಕೈಯಿಂದ ಬರೆದು ಮೆಲ್ಲಗೆ ಓದಿ. ಅದರಲ್ಲಿ ನಿಜವಾದದ್ದೇನು ಎಂದು ಮೊದಲು ಗುರುತಿಸಿ, ಅದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಿ. ಸತ್ಯ ಯಾರ ಬಾಯಿಂದ ಬಂದರೂ ಆತನದೇ. ಅನಂತರ ಅದು ಯಾರ ಮೇಲೆ ಎಷ್ಟು ಭಾರ ಹೊರಿಸುತ್ತಿದೆ, ಯಾರ ಮಾತಿನ ಆಧಾರದ ಮೇಲೆ ನಾಳೆಯನ್ನು ಕುರಿತು ಮಾತನಾಡುತ್ತಿದೆ ಎಂದು ನೋಡಿ. ಕೆಲವು ಹಾಡುಗಳು ಈ ಓದಿನಲ್ಲಿ ಕರಗಿಹೋಗುತ್ತವೆ. ಕೆಲವು ಇನ್ನಷ್ಟು ಆಪ್ತವಾಗುತ್ತವೆ, ಏಕೆಂದರೆ ಅವುಗಳ ಕವಿ ಯಾರನ್ನು ಹುಡುಕುತ್ತಿದ್ದನೆಂದು ಅವನಿಗಿಂತ ಚೆನ್ನಾಗಿ ನಿಮಗೆ ತಿಳಿಯುತ್ತದೆ. ಮುರಿದ ಸಂಬಂಧದ ಗಾಯ ಇನ್ನೂ ಹಸಿಯಾಗಿದ್ದರೆ ಒಬ್ಬರೇ ಕೂತು ಕೇಳುವುದನ್ನು ಸ್ವಲ್ಪ ಕಡಿಮೆ ಮಾಡಿ. ಗೆಳತಿಯೊಬ್ಬಳ ಜೊತೆ ಕೇಳಿದ ದುಃಖದ ಹಾಡು ಮಾತಿಗೆ ದಾರಿ ಮಾಡಿಕೊಡುತ್ತದೆ.

ನಿಮ್ಮ ಸಭೆಯ ಹಿರಿಯರ ಬಗ್ಗೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ, ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ಪೌಲನು ಹೇಳುತ್ತಾನೆ. ಅವರ ಆತಂಕ ನಿಮ್ಮ ಮೇಲಿನ ಕಾಳಜಿಯಿಂದಲೇ ಬಂದಿರಬಹುದು. ಒಂದು ಕಾಲದಲ್ಲಿ ಯಾವುದೋ ಹಾಡು ಅವರನ್ನೇ ಎಲ್ಲಿಗೋ ಎಳೆದೊಯ್ದಿರಲೂಬಹುದು. ಅವರ ಮನಸ್ಸು ನೋಯದಂತೆ ಸಭೆಯ ಆವರಣದಲ್ಲಿ ಆ ಹಾಡುಗಳನ್ನು ಗುನುಗದಿರುವುದು ಸೋಲಲ್ಲ. ಆದರೆ ವಾದಕ್ಕೆ ನಿಲ್ಲುವ ಬದಲು ಅವರ ಮುಂದೆ ಒಂದು ಬಿನ್ನಹವಿಡಿ: ಮುಂದಿನ ಭಾನುವಾರಗಳಲ್ಲಿ ಒಂದು ದಿನ ಗಾನವೃಂದವು ಹದಿಮೂರನೆಯ ಕೀರ್ತನೆಯನ್ನು ಪೂರ್ತಿಯಾಗಿ ಹಾಡಲಿ, ಆ ನಾಲ್ಕು ‘ಎಷ್ಟರವರೆಗೆ’ಗಳಲ್ಲಿ ಒಂದನ್ನೂ ಬಿಡದೆ. ರಾಗ ಯಾವುದೆಂದು ಅವರು ಕೇಳಿದರೆ ಹಾಸ್ಲರನ ಕಥೆಯನ್ನು ಅವರಿಗೂ ಹೇಳಬಹುದು.